ಶೀಳ್ ರಸ್ತೆಯ ಧೂಳಿನಲ್ಲೊಂದು ಪದ್ಮಿನಿ

ಕಲ್ಯಾಣದ ಪತ್ರಿಪೂಲ್ ದಾಟಿ ಶೀಳ್ ಫಾಟಾದ ಕಡೆ ಹೊರಟರೆ ಸಿಗುವ ರಸ್ತೆ ನಮ್ಮ ಕಡೆಯ ಅನೇಕರಿಗೆ ಪರಿಚಯದ್ದೇ. ಡೊಂಬಿವಲಿಯಲ್ಲಿ ಮನೆ, ಮಹಾಪೆಯಲ್ಲೋ ಐರೋಲಿಯಲ್ಲೋ ಆಫೀಸು ಅಂತಿರುವವರು ದಿನಕ್ಕೆ ಎರಡು ಸಲ ಇದರ ಮೇಲೆ ಪ್ರಾಣ ಬಿಡುತ್ತೇವೆ. ಎರಡೂ ಬದಿಗೆ ಮೂವತ್ತು-ನಲವತ್ತು ಮಹಡಿಯ ಗೋಪುರಗಳು, ನಡುವೆ ಮೆಟ್ರೋ 12ರ ಕಾಮಗಾರಿ, ಜೆಎನ್‌ಪಿಟಿ ಬಂದರಿನ ಕಂಟೇನರ್ ಲಾರಿಗಳು, ಮತ್ತು ವರ್ಷದ ಎಂಟು ತಿಂಗಳು ಧೂಳು. ಉಳಿದ ನಾಲ್ಕು ತಿಂಗಳು ಅದೇ ಧೂಳು ಕೆಸರಾಗಿರುತ್ತದೆ.

ಮಾನ್‌ಪಾಡಾದಿಂದ ಕಾಟಯಿ ನಾಕಾದ ಕಡೆ ಬರುವಾಗ ಬಸ್ ಕಂಡಕ್ಟರ್ ಈಗಲೂ 'ಪ್ರೀಮಿಯರ್' ಎಂದು ಕೂಗುತ್ತಾನೆ. ಚುನಾವಣೆ ಬಂದಾಗ ದೊಡ್ಡ ಸಭೆಗಳು ನಡೆಯುವ 'ಪ್ರೀಮಿಯರ್ ಮೈದಾನ'ವೂ ಇದೇ ಆಸುಪಾಸು. ಹೊಸದಾಗಿ ಫ್ಲ್ಯಾಟ್ ಕೊಂಡವರಲ್ಲಿ ಹೆಚ್ಚಿನವರಿಗೆ ಅದೊಂದು ಬಸ್ ಸ್ಟಾಪಿನ ಹೆಸರು ಅಷ್ಟೆ. ಇಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇತ್ತು. ತೊಂಬತ್ತರ ದಶಕದಲ್ಲಿ ಇಲ್ಲಿಂದಲೇ ಪ್ಯೂಜೊ 309 ಕಾರು ಹೊರಬರುತ್ತಿತ್ತು. ಕಂಪನಿಯ ಹಳೆಯ ಮನೆ ಕುರ್ಲಾದಲ್ಲಿ. ಅಲ್ಲೇ ನಮ್ಮ ಅಪ್ಪಂದಿರ ಕಾಲದ 'ಫಿಯೆಟ್' ತಯಾರಾಗುತ್ತಿದ್ದದ್ದು. ಆ ಜಾಗದಲ್ಲೀಗ ಕೊಹಿನೂರ್ ಸಿಟಿ ಎದ್ದು ನಿಂತಿದೆ.

ಫಿಯೆಟ್ ಎಂದು ನಾವು ಕರೆಯುತ್ತಿದ್ದ ಆ ಗಾಡಿಗೆ ಹೆಸರುಗಳು ಮೂರು. 1964ರಿಂದ ಫಿಯೆಟ್ 1100 ಡಿಲೈಟ್, ಎಪ್ಪತ್ತರ ದಶಕದಲ್ಲಿ ಕೆಲಕಾಲ ಪ್ರೀಮಿಯರ್ ಪ್ರೆಸಿಡೆಂಟ್, ಆಮೇಲೆ ಚಿತ್ತೋಡದ ರಾಣಿಯ ಹೆಸರಿನ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು, ಮುಂದಿನ ಬಾಗಿಲಲ್ಲಿ ಗಾಳಿಗೆ ತಿರುಗಿಸಿಕೊಳ್ಳುವ ತ್ರಿಕೋನದ ಗಾಜು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಅದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಮುಂಬೈಯಲ್ಲಿ ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಷ್ಯ. ಆದ್ದರಿಂದ 2023ರ ಅಕ್ಟೋಬರ್ ತೀರುವ ಹೊತ್ತಿಗೆ ಅದೂ ರಸ್ತೆಯಿಂದ ಹೋಯಿತು. ಆ ವಾರ ವಾಟ್ಸಾಪ್ ತುಂಬ ಕಣ್ಣೀರು.

ಕನ್ನಡಿಗರಿಗೆ ಈ ಕಂಪನಿಯ ಮೂಲದಲ್ಲೊಂದು ಪಾಲಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಮುಂಬೈಯಲ್ಲಿ ಅಂಥದ್ದೊಂದನ್ನು ಕಟ್ಟುವ ಯೋಜನೆ ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡವರು ವಾಲಚಂದ್ ಹೀರಾಚಂದ್. ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲೇ ಮಾಡುವ ಮಾತೂ ನಡೆದಿತ್ತು, ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಕಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬೈಯಲ್ಲಿ ಹುಟ್ಟಿತು. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಸೆಪ್ಟೆಂಬರ್ 15 ಬಂತೆಂದರೆ ಕನ್ನಂಬಾಡಿ ಕಟ್ಟೆ ಬಿಟ್ಟು ಬೇರೆ ಮಾತು ಬರುವುದಿಲ್ಲ. ಇದನ್ನೂ ಒಮ್ಮೆ ಹೇಳಬಹುದಪ್ಪ.

ಇಷ್ಟೆಲ್ಲ ಹೇಳಿದ್ದು ನಮ್ಮ ಕಾಕಾನ ಗಾಡಿಯ ವಿಷಯಕ್ಕೆ ಬರಲಿಕ್ಕೆ. ಧಾರವಾಡದಿಂದ 1979ರಲ್ಲಿ ಬ್ಯಾಂಕಿನ ನೌಕರಿಗೆಂದು ಡೊಂಬಿವಲಿಗೆ ಬಂದವನು. ಅವನದು 1983ರ ಪದ್ಮಿನಿ. ಪ್ರತಿ ಮೇ ತಿಂಗಳು ಕಾಕು, ಮಗಳು, ಎರಡು ಟ್ರಂಕು, ಒಂದು ನೀರಿನ ಕ್ಯಾನು ಹಾಕಿಕೊಂಡು ಇದೇ ಶೀಳ್ ಫಾಟಾದಿಂದ ಪನವೇಲ್, ಖಂಡಾಲಾ, ಪುಣೆ, ಕೊಲ್ಹಾಪುರ, ಬೆಳಗಾವಿ ಅಂತ ಐನೂರು ಕಿಲೋಮೀಟರ್ ಮೀರಿದ ಹಾದಿಯನ್ನು ಎರಡು ದಿನ ಹೊಡೆದುಕೊಂಡು ಹೋಗುತ್ತಿದ್ದ. ಎಕ್ಸ್‌ಪ್ರೆಸ್ ವೇ ಇಲ್ಲದ ಕಾಲ. ನೀರಿನ ಕ್ಯಾನು ಮನುಷ್ಯರಿಗಲ್ಲ, ಖಂಬಾಟ್ಕಿ ಘಾಟಿನಲ್ಲಿ ರೇಡಿಯೇಟರಿಗೆ. ಕಾಕು ತೀರಿಕೊಂಡ ಮೇಲೆ ಗಾಡಿ ಕಟ್ಟಡದ ಹಿಂದೆ ತಾಡಪತ್ರಿ ಹೊದ್ದು ಹನ್ನೊಂದು ವರ್ಷ ನಿಂತಿತ್ತು. ಹೌಸಿಂಗ್ ಸೊಸೈಟಿಯವರು ರಿಡೆವಲಪ್‌ಮೆಂಟಿಗೆ ಜಾಗ ಖಾಲಿ ಮಾಡಿ ಎಂದಾಗ ಮುಂದೆ ಎರಡೇ ದಾರಿ: ಗುಜರಿ, ಇಲ್ಲವೇ ಗ್ಯಾರೇಜು.

ಗ್ಯಾರೇಜು ಕಾಟಯಿ ನಾಕಾದಿಂದ ಒಳಗೆ, ತಗಡಿನ ಶೆಡ್ಡು. ಬಣ್ಣ ಹೊಡೆಯುವವರು ಆಳಂದ ಕಡೆಯವರು, ಅರವತ್ತರ ಹತ್ತಿರದ ಮನುಷ್ಯ. ಎಲ್ಲರೂ ಚಾಚಾ ಎನ್ನುತ್ತಾರೆ, ನಾವೂ ಹಾಗೇ. ನಮ್ಮ ಮಾತು ಕಿವಿಗೆ ಬಿದ್ದದ್ದೇ, 'ಯಾವೂರ ನಿಮ್ದು?' ಅಂದರು. ಅಲ್ಲಿಂದ ಮುಂದೆ ಹಿಂದಿ ಬೇಕಾಗಲಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿದೆ. 'ಬಣ್ಣ ಹೊಡಿಯೂದು ಒಂದ ದಿನದ ಕೆಲಸರೀ ಸರ. ಬಣ್ಣ ಹಿಡಿಯೂ ಹಂಗ ಗಾಡಿ ತಯಾರ ಮಾಡೂದು ಎರಡ ತಿಂಗಳ' ಅಂದರು. ಕೊನೆಗೆ ನಾಲ್ಕು ತಿಂಗಳಾಯಿತು. ಅದರಲ್ಲಿ ಒಂದೂವರೆ ತಿಂಗಳು ಕಾಕಾನ ಕಣ್ಣಿಗೆ ಹೋಯಿತು. ಆ ಕತೆ ಮುಂದೆ.

ಮೊದಲ ಪ್ರಶ್ನೆ, ಗಾಡಿಯ ಬಣ್ಣ ಯಾವುದು? ಇದೇನು ಪ್ರಶ್ನೆ ಎನ್ನಬೇಡಿ. ಕಣ್ಣಿಗೆ ಕಾಣುತ್ತಿದ್ದದ್ದು ಮಾಸಿದ ಬಿಳಿ. ಅದು 1998ರಲ್ಲಿ ಹೊಡೆಸಿದ್ದು ಎಂದು ಕಾಕಾ ಹೇಳಿದ. ಅದಕ್ಕೂ ಮೊದಲು ಒಂದು ಸಲ ಅಪಘಾತವಾಗಿ ಎಡಗಡೆಯ ಮಡ್‌ಗಾರ್ಡು, ಬಾಗಿಲು ಮಾತ್ರ ಬಣ್ಣ ಕಂಡಿದ್ದವು. ಮೂಲದ ಬಣ್ಣ 'ತಿಳಿ ನೀಲಿ' ಎಂದು ಕಾಕಾ. 'ಛೆ, ಹಸಿರು, ನನ್ನ ಸ್ಕೂಲ್ ಬ್ಯಾಗಿನ ಬಣ್ಣ' ಎಂದು ಪುಣೆಯ ಹಿಂಜೆವಾಡಿಯಿಂದ ವಿಡಿಯೋ ಕಾಲಿನಲ್ಲಿ ಅವನ ಮಗಳು. ಆರ್‌ಸಿ ಪುಸ್ತಕದ ಬಣ್ಣದ ಕಾಲಮ್ಮಿನಲ್ಲಿ ನೋಡಿದರೆ ಶಾಯಿ ನೀರಲ್ಲಿ ಕಲಸಿಹೋಗಿದೆ. ಅಲ್ಬಮ್ಮಿನಲ್ಲಿ ಗಾಡಿಯ ಮುಂದೆ ಕಾಕು ನಿಂತ ಫೋಟೋ ಸಿಕ್ಕಿತು. ಎಂಬತ್ತರ ದಶಕದ ಕಲರ್ ಪ್ರಿಂಟುಗಳ ಹಣೆಬರಹ ನಿಮಗೂ ಗೊತ್ತಿರಬೇಕು, ನೀಲಿ ಮೊದಲು ಹೋಗಿ ಎಲ್ಲವೂ ಇಟ್ಟಿಗೆಯ ಕೆಂಪಿಗೆ ತಿರುಗಿರುತ್ತವೆ. ಆ ಫೋಟೋದಲ್ಲಿ ಕಾಕುವಿನ ಸೀರೆ, ಗಾಡಿ, ಆಕಾಶ ಮೂರೂ ಒಂದೇ ಬಣ್ಣ.

ಚಾಚಾ ಯಾರ ಮಾತನ್ನೂ ಕೇಳಲಿಲ್ಲ. ಬಾನೆಟ್ಟಿನ ಒಂದು ಮೂಲೆಯಲ್ಲಿ ರೂಪಾಯಿ ನಾಣ್ಯದಷ್ಟು ಜಾಗವನ್ನು ನೀರು ಹಾಕಿ ವಾಟರ್ ಪೇಪರಿನಿಂದ ದುಂಡಗೆ ತಿಕ್ಕುತ್ತಾ ಹೋದರು. ಕೊರೆದ ಮರದ ಉಂಗುರಗಳಂತೆ ಪದರಗಳು ಕಂಡವು: ಹೊರಗೆ ಬಿಳಿ, ಅದರೊಳಗೆ ಬೂದು, ಆಮೇಲೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ತೆಳು ಬಳೆ, ಅದರೊಳಗೆ ಕೆಂಪುಮಣ್ಣಿನ ಬಣ್ಣದ ಪ್ರೈಮರು, ನಡುವೆ ಹೊಳೆಯುವ ತಗಡು. ಆಮೇಲೆ ಹತ್ತಿ ಉಂಡೆಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಿದರು. ಬಿಳಿ ಹತ್ತಿಗೆ ಹತ್ತಿಕೊಂಡು ಬಂತು, ನೀಲಿ-ಹಸಿರು ಅಲ್ಲಾಡಲಿಲ್ಲ. ಥಿನ್ನರಿಗೆ ಕರಗಿದರೆ ಅದು ರಸ್ತೆಬದಿಯ ಗ್ಯಾರೇಜಿನ ಎನ್‌ಸಿ ಬಣ್ಣ. ಕರಗದೆ ಕೂತರೆ ಒಲೆಯಲ್ಲಿ ಬೆಂದದ್ದು, ಅಂದರೆ ಕಾರ್ಖಾನೆಯದು. ಹಳೆಯ ಗಾಡಿ ಕೊಳ್ಳುವ ಆಸೆ ಇರುವವರು ಈ ಹತ್ತಿಯ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ. 'ಒರಿಜಿನಲ್ ಪೇಂಟ್ ಸರ್' ಎನ್ನುವವರ ಮುಖ ಬದಲಾಗುವುದನ್ನು ನೋಡಬಹುದು.

ಬಣ್ಣ ಸಿಕ್ಕಿತು, ಆದರೆ ಅದನ್ನು ಹಿಡಿಯುವುದು ಹೇಗೆ? ಗ್ಲೌವ್ ಬಾಕ್ಸಿನ ಒಳಗೋಡೆ ಬಿಸಿಲನ್ನೇ ಕಂಡಿರಲಿಲ್ಲ. ಹಿಂದಿನ ಬಾಗಿಲಿನ ರಬ್ಬರಿನ ಕೆಳಗೂ ಒಂದು ಪಟ್ಟಿ ಮೂಲ ಬಣ್ಣ ಉಳಿದಿತ್ತು. ಕಲ್ಯಾಣದ ಪೇಂಟ್ ಅಂಗಡಿಯಲ್ಲಿ ಬಣ್ಣ ಅಳೆಯುವ ಯಂತ್ರವಿದೆ. ಎರಡು ತುಂಡುಗಳನ್ನೂ ಅದರ ಕಣ್ಣಿಗೆ ಹಿಡಿದರೆ ಎರಡು ಬೇರೆ ಬೇರೆ ಲೆಕ್ಕ ಕೊಟ್ಟಿತು. ನಾನು ದಿನವಿಡೀ ಡೇಟಾ ಜೊತೆ ಏಗುವವನು, ಅಳತೆ ಎಂದರೆ ಮುಗಿಯಿತು ಎಂಬ ನಂಬಿಕೆ. ಚಾಚಾ ನಕ್ಕರು. ಬಿಸಿಲು, ಗ್ರೀಸು, ರಬ್ಬರಿನ ಬೆವರು ಎಲ್ಲವೂ ಬಣ್ಣವನ್ನು ತಿನ್ನುತ್ತವೆ. ನಲವತ್ತು ವರ್ಷ ಕತ್ತಲಲ್ಲಿದ್ದ ಬಣ್ಣವೂ ಹೊಸದಾಗಿ ಉಳಿದಿರುವುದಿಲ್ಲ. ಅವರು ಯಂತ್ರದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು, ಬಿಳಿ, ಕಪ್ಪು, ನೀಲಿ, ಒಂದು ಹನಿ ಹಳದಿ ಸೇರಿಸುತ್ತ ತಗಡಿನ ಚೂರುಗಳಿಗೆ ಹೊಡೆದು ಒಣಗಿಸಿ ಐದು ಮಾದರಿ ತಯಾರಿಸಿದರು. ಹಸಿ ಬಣ್ಣ ಒಂದು, ಒಣಗಿದ್ದು ಇನ್ನೊಂದು. ಟ್ಯೂಬ್‌ಲೈಟಿನಲ್ಲಿ ಅವಳಿಗಳಂತೆ ಕಂಡ ಎರಡು ಚೂರು ಹೊರಗೆ ಬಿಸಿಲಿಗೆ ತಂದರೆ ಸಂಬಂಧವೇ ಇಲ್ಲದ ಹಾಗೆ ಕಾಣುತ್ತಿದ್ದವು. ಬೆಳಗಿನ ಹತ್ತು ಗಂಟೆಯ ನೆರಳಿನಲ್ಲಿ ಮಾತ್ರ ಆರಿಸಬೇಕೆಂದು ಅವರ ನಿಯಮ.

ಆರಿಸಬೇಕಾದವನು ಕಾಕಾ. ಅವನಿಗೆ ಅದೇ ತಿಂಗಳು ಎಡಗಣ್ಣಿನ ಮೋತಿಬಿಂದು ತೆಗೆಸಿದ್ದೆವು. ಬಲಗಣ್ಣು ಬಾಕಿ. ಐದು ಚೂರುಗಳನ್ನು ಸ್ಟೂಲಿನ ಮೇಲೆ ಸಾಲಾಗಿ ಇಟ್ಟರು. ಕಾಕಾ ನೋಡಿದ, ಮೂರನೆಯದನ್ನು ಎತ್ತಿಕೊಂಡ. ಕನ್ನಡಕ ಸರಿಮಾಡಲು ಕೈ ಎತ್ತಿದಾಗ ಎಡಗಣ್ಣು ಮರೆಯಾಯಿತೇನೋ, 'ಇದಲ್ಲ' ಎಂದು ಕೆಳಗಿಟ್ಟ. ಮತ್ತೆ ಎತ್ತಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ. ಆಮೇಲೆ ನಿಧಾನಕ್ಕೆ ನನಗೆ ಹೇಳಿದ, 'ಅಲ್ಲೋ, ಎಡಗಣ್ಣಿಗೆ ಇದು ನೀಲಿ ಐತಿ. ಬಲಗಣ್ಣಿಗೆ ಹಸರ.'

ಇದು ಭ್ರಮೆಯಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಅದು ಎಷ್ಟು ನಿಧಾನ ಎಂದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆಪರೇಷನ್ನಿನಲ್ಲಿ ಆ ಮಸೂರ ತೆಗೆದು ತಿಳಿಯಾದ ಕೃತಕ ಮಸೂರ ಕೂರಿಸಿದರೆ ನೀಲಿ ಒಮ್ಮೆಗೇ ಮರಳಿ ಬರುತ್ತದೆ. ಫ್ರಾನ್ಸಿನ ಚಿತ್ರಕಾರ ಮೋನೆಗೆ 1923ರಲ್ಲಿ ಒಂದೇ ಕಣ್ಣಿನ ಶಸ್ತ್ರಕ್ರಿಯೆಯಾಗಿ, ಎರಡು ಕಣ್ಣು ಎರಡು ಲೋಕ ತೋರಿಸುವ ಪಜೀತಿ ಬಂದಿತ್ತು. ಅವನು ಕಮಲದ ಕೊಳ ಬರೆಯುವವನು, ನಮ್ಮದು ಮಡ್‌ಗಾರ್ಡು. ತೊಂದರೆ ಮಾತ್ರ ಒಂದೇ.

1983ರಲ್ಲಿ ಕಾಕಾನಿಗೆ ಮೂವತ್ತು. ಆ ವಯಸ್ಸಿನ ಕಣ್ಣಿಗೆ ಹೆಚ್ಚು ಹತ್ತಿರದ್ದು ಈಗ ಆಪರೇಷನ್ ಆದ ಎಡಗಣ್ಣು, ಅದನ್ನೇ ನಂಬು ಎಂದೆ. ಅವನಿಗೆ ಒಪ್ಪಿಗೆಯಾಗಲಿಲ್ಲ. 'ಹಂಗಾದ್ರ ಇಷ್ಟ ವರ್ಷ ನಾ ನೋಡಿದ್ದೆಲ್ಲಾ ಸುಳ್ಳೇನು? ನಿಮ್ಮ ಕಾಕೂನ ಕಡೀಕ ನೋಡಿದ್ದು ಈ ಬಲಗಣ್ಣಿಂದ.' ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಚಾಚಾನೂ ಸುಮ್ಮನೆ ಚೂರುಗಳನ್ನು ಕಾಗದದಲ್ಲಿ ಸುತ್ತಿ ಒಳಗಿಟ್ಟರು. ಬಲಗಣ್ಣೂ ಆಗಲಿ, ಆಮೇಲೆ ನೋಡೋಣ ಎಂದಾಯಿತು. ಆ ನಡುವೆ ಅವರು ಒಂದು ಸ್ಕೂಲ್ ಬಸ್ಸು ಮುಗಿಸಿದರು.

ಆ ದಿನಗಳಲ್ಲಿ ಮಗಳ ಜೊತೆ ಬೇರೊಂದು ವಾದ ನಡೆದಿತ್ತು. ಎನ್‌ಸಿ ಯಾಕೆ, ಈಗಿನ ಎಲ್ಲ ಗಾಡಿಗಳಂತೆ 2ಕೆ ಹೊಡೆಸಿ ಎಂದು ಅವಳು. ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್, ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ಮಾಡುವ ಲ್ಯಾಕರ್. ಡ್ಯುಪಾಂಟ್ ಕಂಪನಿ ಇದನ್ನು 1923ರಲ್ಲಿ ಡ್ಯೂಕೊ ಎಂಬ ಹೆಸರಿನಲ್ಲಿ ಕಾರುಗಳಿಗೆ ತಂದಾಗ, ಅದುವರೆಗೆ ಬ್ರಷ್ಷಿನಿಂದ ಬಳಿದು ವಾರಗಟ್ಟಲೆ ಒಣಗಿಸಬೇಕಿದ್ದ ಕೆಲಸ ದಿನಗಳಿಗೆ ಇಳಿಯಿತು. ನಿಮ್ಮ ಮಾಡ್ಯುಲರ್ ಕಿಚನ್ನಿನವನು 'ಡ್ಯೂಕೊ ಫಿನಿಶ್' ಎಂದು ಹೆಚ್ಚಿನ ದುಡ್ಡು ಕೇಳುತ್ತಾನಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ಲ್ಯಾಕರ್ ಎಂಬ ಮಾತು ನಮ್ಮ ಲಾಕ್ಷಾ, ಅಂದರೆ ಅರಗಿನಿಂದಲೇ ಹೊರಟು ದೇಶ ಸುತ್ತಿ ಬಂದದ್ದು. ಚುನಾವಣೆಯ ಶಾಯಿ ಮಾಡುವ ಮೈಸೂರಿನ ಕಾರ್ಖಾನೆಯೂ 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ ಶುರುವಾದದ್ದು.

2ಕೆ ಬಣ್ಣಕ್ಕೆ ಹಾರ್ಡನರ್ ಬೆರೆಸಬೇಕು. ಅದು ರಾಸಾಯನಿಕವಾಗಿ ಗಟ್ಟಿಯಾಗುತ್ತದೆ, ಹೊಳಪು ಹೆಚ್ಚು, ಬಾಳಿಕೆಯೂ ಹೆಚ್ಚು. ದಿನಾ ಓಡಿಸುವ ಗಾಡಿಗೆ ನಾನಾದರೂ ಅದನ್ನೇ ಹೇಳುತ್ತೇನೆ. ಎನ್‌ಸಿಯೇ ಮೂಲದ್ದು, ಅದೇ ಶುದ್ಧ ಎಂಬ ವಾದವೂ ಇಲ್ಲಿ ನಿಲ್ಲುವುದಿಲ್ಲ, ಈ ಗಾಡಿಯ ಮೂಲ ಬಣ್ಣ ಒಲೆಯಲ್ಲಿ ಬೆಂದದ್ದೆಂದು ಹತ್ತಿಯ ಉಂಡೆಯೇ ಹೇಳಿತ್ತಲ್ಲ. ಆದರೆ ತಗಡಿನ ಶೆಡ್ಡಿನಲ್ಲಿ ಒಲೆ ಎಲ್ಲಿಂದ ಬರಬೇಕು? 2ಕೆ ಒಣಗುವವರೆಗೆ ಶೀಳ್ ರಸ್ತೆಯ ಧೂಳು ಸುಮ್ಮನಿರುತ್ತದೆಯೇ? ಎನ್‌ಸಿ ಕೆಲವೇ ನಿಮಿಷಗಳಲ್ಲಿ ಮುಟ್ಟಿದರೆ ಅಂಟದಷ್ಟು ಒಣಗುತ್ತದೆ. ಎಲ್ಲಾದರೂ ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಮತ್ತೆ ಹೊಡೆದು ಉಜ್ಜಿ ಸೇರಿಸಬಹುದು. ಇನ್ನೊಂದು ಮಾತು, ನನ್ನ ಮಟ್ಟಿಗೆ ದೊಡ್ಡದು. 2ಕೆಯ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಸೇರಿದರೆ ಅಸ್ತಮಾ ಅಂಟಿಕೊಳ್ಳುತ್ತದೆ. ಅದಕ್ಕೆ ಹೊರಗಿನ ಶುದ್ಧ ಗಾಳಿಯ ಕೊಳವೆ ಇರುವ ಮುಖವಾಡ ಬೇಕು. ಚಾಚಾನ ಮುಖವಾಡ ಎಂದರೆ ಮೂಗಿಗೆ ಕಟ್ಟಿದ ಕರ್ಚೀಫು. ಎನ್‌ಸಿಯ ಥಿನ್ನರೂ ಏನೂ ತುಳಸಿ ನೀರಲ್ಲ. ಅದಕ್ಕಾಗುವ ಕಾರ್ಟ್ರಿಡ್ಜಿನ ಮಾಸ್ಕು ತಂದುಕೊಟ್ಟೆ. ಎರಡು ದಿನ ಹಾಕಿದರು, ಮೂರನೆಯ ದಿನ ಅದು ಮೊಳೆಗೆ ತೂಗುತ್ತಿತ್ತು. ಬೈದರೆ, 'ಉಸಿರ ಕಟ್ತೈತ್ರೀ ಸರ' ಎಂದರು. ಸ್ಪ್ರೇ ಮಾಡುವ ದಿನ ಮಾತ್ರ ನಾನು ಎದುರಿಗೇ ನಿಂತು ಹಾಕಿಸಿದೆ.

ತಯಾರಿಯ ಎರಡು ತಿಂಗಳ ವರದಿ ಒಪ್ಪಿಸುವುದಿಲ್ಲ. ತಗಡಿನವರೆಗೂ ಕೆರೆದರು, ಇಲ್ಲದಿದ್ದರೆ ಹೊಸ ಥಿನ್ನರಿಗೆ ಹಳೆಯ ಬಣ್ಣ ಸುಕ್ಕುಗಟ್ಟಿ ಎದ್ದುಬರುತ್ತದೆ. ಬಾಗಿಲುಗಳ ಬುಡ, ಬ್ಯಾಟರಿ ಕೂರುವ ತಟ್ಟೆ, ಕಾಲಿಡುವ ನೆಲ, ಎಲ್ಲ ಕಡೆ ತುಕ್ಕು. ಬಾಗಿಲ ಕೆಳಗೆ ನೀರು ಇಳಿಯಲೆಂದು ಬಿಟ್ಟ ಸಣ್ಣ ತೂತುಗಳನ್ನು ಹಿಂದೆ ಬಣ್ಣ ಹೊಡೆದವರು ಪುಟ್ಟಿಯಿಂದ ಮುಚ್ಚಿಬಿಟ್ಟಿದ್ದರು, ಹನ್ನೊಂದು ಮಳೆಗಾಲದ ನೀರು ಒಳಗೇ ನಿಂತಿತ್ತು. ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರು, ಪುಟ್ಟಿ, ಸರ್ಫೇಸರು, ನಡುನಡುವೆ 120ರಿಂದ 600ರವರೆಗಿನ ಪೇಪರುಗಳಲ್ಲಿ ಉಜ್ಜುವುದು. ಚಾಚಾ ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚು ಅಂಗೈಯಿಂದ ನೋಡುತ್ತಿದ್ದರು. ತಗಡಿನ ಮೇಲೆ ಒಂದು ಬಟ್ಟೆ ಹಾಕಿ ಅದರ ಮೇಲೆ ಕೈ ಎಳೆದರೆ ಕಣ್ಣಿಗೆ ಕಾಣದ ತಗ್ಗು ಸಿಗುತ್ತದೆ. ನಾನೂ ಎಳೆದು ನೋಡಿದೆ, ನನಗೆ ಬಟ್ಟೆಯೇ ಸಿಕ್ಕಿತು.

ಮಳೆಗಾಲದಲ್ಲಿ ಈ ಕೆಲಸ ಯಾಕೆ ಮಾಡಬಾರದು ಎಂಬುದನ್ನು ಮುಂಬೈ ಸುತ್ತ ಇರುವವರು ತಿಳಿದಿರಬೇಕು. ಥಿನ್ನರು ಆರುವಾಗ ತಗಡಿನ ಮೈಯನ್ನು ತಂಪು ಮಾಡುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಹಸಿ ಬಣ್ಣದ ಮೇಲೆ ಇಬ್ಬನಿಯಂತೆ ಕೂರುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಜುಲೈಯಲ್ಲಿ 'ಅರ್ಜೆಂಟಾಗಿ ಮಾಡಿಕೊಡ್ತೀವಿ' ಎನ್ನುವ ಗ್ಯಾರೇಜಿನಿಂದ ಗಾಡಿ ಹೊರಗೆ ತನ್ನಿ. ನಮ್ಮದು ಗಣಪತಿ ಕಳೆದ ಮೇಲೆ ಶುರುವಾಗಿ ಜನವರಿಗೆ ಬಂದು ನಿಂತಿತ್ತು.

ಬಲಗಣ್ಣಿನ ಪಟ್ಟಿ ಬಿಚ್ಚಿ ಮೂರು ವಾರವಾದ ಮೇಲೆ ಕಾಕಾ ಮತ್ತೆ ಬಂದ. ಚೂರುಗಳನ್ನು ಇಟ್ಟರು. ಈಗ ಎರಡೂ ಕಣ್ಣಿಗೆ ಒಂದೇ ಬಣ್ಣ. ಬಹಳ ಹೊತ್ತು ನೋಡಿದ. ಮೂರನೆಯದಲ್ಲ, ಎರಡನೆಯದನ್ನು ತೆಗೆದುಕೊಂಡ. ಅದು ಮೂರನೆಯದಕ್ಕಿಂತ ಒಂದು ಹನಿ ಹಳದಿ ಹೆಚ್ಚು ಬಿದ್ದದ್ದು, ಹಸಿರಿನ ಕಡೆಯದು. ಗ್ಲೌವ್ ಬಾಕ್ಸಿನ ತುಂಡಿಗೆ ಮೂರನೆಯದೇ ಹತ್ತಿರ ಎಂದು ನಾನೂ ಯಂತ್ರವೂ ಹೇಳಬಹುದಿತ್ತು. ಹೇಳಲಿಲ್ಲ. ಆರ್‌ಸಿಯಲ್ಲಿ ಮೂಲದಲ್ಲಿ ಏನು ಬರೆದಿತ್ತೋ ಅದಕ್ಕೆ ಇದು ಹೊಂದುತ್ತದೋ ಇಲ್ಲವೋ ಎಂಬ ಚಿಂತೆ ಮಾತ್ರ ನನಗಿತ್ತು, ಬಣ್ಣ ಬದಲಾದರೆ ಆರ್‌ಟಿಒಗೆ ತಿಳಿಸಿ ಪುಸ್ತಕದಲ್ಲಿ ನಮೂದಿಸಬೇಕು. ಐವತ್ತು ವರ್ಷ ಮೀರಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ, ಇಪ್ಪತ್ತು ಸಾವಿರ ಶುಲ್ಕ, ಹತ್ತು ವರ್ಷದ ಅವಧಿ. ನಮ್ಮದಕ್ಕೆ ಆ ಭಾಗ್ಯ 2033ಕ್ಕೆ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ಫಿಟ್‌ನೆಸ್ ತೋರಿಸಿ ನವೀಕರಿಸುವುದು, ಪರಿಸರ ತೆರಿಗೆ ಕಟ್ಟುವುದು.

ಸ್ಪ್ರೇ ಬೆಳಗಿನ ಐದೂವರೆಗೆ. ರಾತ್ರಿಯ ಲಾರಿಗಳು ಕಡಿಮೆಯಾಗಿ, ಆಫೀಸಿನ ಗಾಡಿಗಳು ಇನ್ನೂ ಶುರುವಾಗದ ಹೊತ್ತು. ಹಿಂದಿನ ರಾತ್ರಿಯೇ ನೆಲಕ್ಕೆ ನೀರು ಹೊಡೆದು, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ್ದರು. ಕಂಪ್ರೆಸರಿನ ನೀರು ಬಸಿದು, ಗನ್ನನ್ನು ಮೊದಲು ಒಂದು ರಟ್ಟಿನ ಮೇಲೆ ಪರೀಕ್ಷಿಸಿದರು. ಆಮೇಲೆ ಒಂದು ಗೇಣು ದೂರದಲ್ಲಿ, ತಗಡಿಗೆ ಸಮನಾಗಿ, ಮೊದಲಿನ ಪಟ್ಟಿಯ ಅರ್ಧ ಮುಚ್ಚುವ ಹಾಗೆ ಕೈ ಹೋಗುತ್ತಾ ಬರುತ್ತಾ ಇತ್ತು. ಮೊಣಕೈ ಬಾಗಲಿಲ್ಲ, ಇಡೀ ಮನುಷ್ಯನೇ ಬದಿಗೆ ಸರಿಯುತ್ತಿದ್ದ. ಮೂಲೆಗೆ ಬಂದಾಗ ಗನ್ ಬಿಟ್ಟು, ದಾಟಿದ ಮೇಲೆ ಮತ್ತೆ ಒತ್ತುತ್ತಿದ್ದರು. ಐದು ಕೋಟು. ಪ್ರತಿ ಕೋಟಿನ ನಡುವೆ ಹದಿನೈದು ನಿಮಿಷ ಹೊರಗೆ ಬಂದು ಕೂತು ಚಹಾ. ಒಂಬತ್ತಕ್ಕೆ ಮುಗಿಯಿತು. ಒಂದು ಸೊಳ್ಳೆ ಮಾತ್ರ ಡಿಕ್ಕಿಯ ಮೇಲೆ ಸಮಾಧಿಯಾಗಿತ್ತು.

ಹೊಸದಾಗಿ ಹೊಡೆದ ಎನ್‌ಸಿ ಮಂಕಾಗಿ ಇರುತ್ತದೆ, ನೋಡಿ ಕಾಕಾನ ಮುಖ ಇಳಿಯಿತು. ಮೂರು ವಾರ ಬಿಟ್ಟು 1000ದ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಆಮೇಲೆ ರಬ್ಬಿಂಗ್ ಕಾಂಪೌಂಡಿನಿಂದ ಕೈಯಲ್ಲೇ ತಿಕ್ಕಿದಾಗ ಬೆಳಕು ಬಂತು. ಹೊಸ ಗಾಡಿಗಳ ಗಾಜಿನಂಥ ಹೊಳಪಲ್ಲ, ಚೆನ್ನಾಗಿ ಒರೆಸಿದ ಕಲ್ಲಿನ ನೆಲದ ಹೊಳಪು. ತಗಡಿನ ಕೆಲಸವೂ ಸೇರಿ ಒಂದೂಕಾಲು ಲಕ್ಷ ಆಯಿತು. ಗಾಡಿಯ ಬೆಲೆ ಅಷ್ಟಿಲ್ಲ ಎಂದು ನೆರೆಯವರು ಲೆಕ್ಕ ಹೇಳಿದರು.

ನಾನು ಹಟ ಮಾಡಿದ್ದು ಒಂದೇ ವಿಷಯಕ್ಕೆ. ಹಳೆಯ ಗಾಡಿಗೆ ಬಣ್ಣ ಹೊಡೆಸುವವರು ಎಲ್ಲವನ್ನೂ ಕೆರೆದು ಹಾಕುತ್ತಾರೆ, ಆಮೇಲೆ ಯಾರಿಗೂ ಹಳೆಯದನ್ನು ಕೇಳಲು ಸಾಕ್ಷಿಯೇ ಉಳಿಯುವುದಿಲ್ಲ. ಗ್ಲೌವ್ ಬಾಕ್ಸಿನ ಒಳಗನ್ನು ಮುಟ್ಟಬೇಡಿ ಎಂದೆ. ಚಾಚಾನಿಗೆ ಅದು ಅರೆಬರೆ ಕೆಲಸ, ಅವರ ಹೆಸರಿಗೆ ಕುಂದು. ಕೊನೆಗೆ ಒಪ್ಪಿದರು. ಅಲ್ಲಿ 1983ರ ಬಣ್ಣ ಹಾಗೇ ಇದೆ, ಜೊತೆಗೆ ಕಾಕು ಇಡುತ್ತಿದ್ದ ಕುಂಕುಮದ ಡಬ್ಬಿಯಿಂದ ಆದ ಒಂದು ಕೆಂಪು ಕಲೆ. ಮುಚ್ಚಳ ತೆಗೆದರೆ ಒಳಗಿನದು ಹೊರಗಿನದಕ್ಕಿಂತ ಸ್ವಲ್ಪ ನೀಲಿ. ಮಗಳು ಪುಣೆಯಿಂದ ಬಂದಾಗ ಮೊದಲು ಗಮನಿಸಿದ್ದು ಅದನ್ನೇ. ಎರಡನ್ನೂ ನೋಡಿದಳು. 'ಹೊರಗಿಂದು ನನ್ನ ಬ್ಯಾಗಿನ ಬಣ್ಣ, ನಾ ಹೇಳಿದ್ದೆ ಖರೇ' ಎಂದಳು. ಕಾಕಾ ತುಟಿ ಬಿಚ್ಚಲಿಲ್ಲ.

ಕಾರ್ಬ್ಯುರೇಟರ್ ಇನ್ನೂ ರಿಪೇರಿಯಲ್ಲಿದೆ. ಕ್ರೋಮ್ ಬಂಪರುಗಳು ಪಾಲಿಶಿಗೆಂದು ಹೋಗಿವೆ. ಮೇ ತಿಂಗಳಿಗೆ ಧಾರವಾಡ ಎಂದು ಕಾಕಾ ಈಗಾಗಲೇ ಊರಿಗೆ ಫೋನು ಮಾಡಿದ್ದಾನೆ. ಖಂಬಾಟ್ಕಿಯಲ್ಲಿ ಈಗ ಸುರಂಗವಿದೆ, ಆದರೂ ನೀರಿನ ಕ್ಯಾನು ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದಾನೆ.